ಸಹಾಯ ಬೇಕು: ಹೊಸಬರಿಗೆ ಗಿಟ್ ಚೆಕ್‌ಔಟ್ ಕಲಿಸಬೇಕಾ, ಸ್ವಿಚ್ ಸಾಕಾ?

ಎಲ್ಲರಿಗೂ ನಮಸ್ಕಾರ. ಟೀಮ್‌ಗೆ ಹೊಸದಾಗಿ ಸೇರಿದ ಹುಡುಗರಿಗೆ ಗಿಟ್‌ನ (ಕೋಡ್‌ನಲ್ಲಿ ಆಗುವ ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ದಿನಬಳಕೆಯ ಕಮಾಂಡ್‌ಗಳನ್ನು ಬರೆದುಕೊಡುತ್ತಿದ್ದೇನೆ. ಸ್ಟೇಟಸ್, ಆಡ್, ಕಮಿಟ್, ಪುಲ್, ಪುಶ್ ಸುಲಭ. ತೊಡಕಿರುವುದು ಚೆಕ್‌ಔಟ್‌ನಲ್ಲಿ. ಬ್ರಾಂಚ್ (ಕೋಡ್‌ನ ಕವಲು) ಬದಲಿಸುವುದಕ್ಕೂ ಅದೇ, ಫೈಲನ್ನು ಮೊದಲಿನಂತೆ ಮಾಡುವುದಕ್ಕೂ ಅದೇ. ‘ಗಿಟ್ ಚೆಕ್‌ಔಟ್’ ಮುಂದೆ ಒಂದು ಚುಕ್ಕಿ ಹಾಕಿ ಎಂಟರ್ ಒತ್ತಿದರೆ, ಆಡ್ ಮಾಡದೆ ಬಿಟ್ಟ ಬದಲಾವಣೆಗಳೆಲ್ಲ ಒಂದು ಮಾತೂ ಕೇಳದೆ ಹೋಗಿಬಿಡುತ್ತವೆ. ಹಿಂದಿನ ಕಮಿಟ್‌ಗಳನ್ನು ಹುಡುಕಿಕೊಡುವ ರೆಫ್‌ಲಾಗ್‌ನಲ್ಲೂ ಸಿಗಲ್ಲ!

2019ರ 2.23 ಆವೃತ್ತಿಯಿಂದ ಈ ಎರಡು ಕೆಲಸಕ್ಕೆ ಸ್ವಿಚ್, ರಿಸ್ಟೋರ್ ಅಂತ ಬೇರೆ ಬೇರೆ ಕಮಾಂಡ್ ಇವೆ. ನನಗೆ ಅವೇ ಇಷ್ಟ. ಆದರೆ ನಮ್ಮ ಸೆಂಟ್‌ಓಎಸ್ 7 (ಹಳೆಯ ಲಿನಕ್ಸ್) ಸರ್ವರ್‌ಗಳಲ್ಲಿ ಇನ್ನೂ ಗಿಟ್ 1.8 ಇದೆ, ಅಲ್ಲಿ ಇವು ನಡೆಯಲ್ಲ.

ನೀವು ಮೊದಲು ಯಾವುದನ್ನು ಕಲಿಸುತ್ತೀರಿ? ಎರಡನ್ನೂ ಒಟ್ಟಿಗೆ ಹೇಳಿದರೆ ಗೊಂದಲ ಜಾಸ್ತಿ ಆಗುತ್ತದಾ? ಕಲಿಸಿ ಅನುಭವ ಇರುವವರು ದಯವಿಟ್ಟು ತಿಳಿಸಿ.