ಸಹಾಯ ಬೇಕು: ಫ್ರಾನ್ಸಿನ ನ್ವಯೋನ್‌ಗೆ ಹೋಗಿ ಬಂದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ವಾರ್ಷಿಕ ಸಂಚಿಕೆಗೆ 16ನೇ ಶತಮಾನದ ಪ್ರಾಟೆಸ್ಟಂಟ್ ಸುಧಾರಕ ಜಾನ್ ಕಾಲ್ವಿನ್ ಹುಟ್ಟೂರು ನ್ವಯೋನ್ ಬಗ್ಗೆ ಲೇಖನ ಬರೀತಿದ್ದೀನಿ. ಪ್ಯಾರಿಸ್ಸಿನ ಉತ್ತರಕ್ಕಿರೋ ಸಣ್ಣ ಊರು, ಇತಿಹಾಸ ಮಾತ್ರ ಭಾರೀ. 768ರಲ್ಲಿ ಫ್ರಾಂಕರ ರಾಜ ಶಾರ್ಲಮೇನ್‌ಗೆ ಪಟ್ಟ ಕಟ್ಟಿದ್ದು ಇಲ್ಲೇ. 7ನೇ ಶತಮಾನದಲ್ಲಿ ಇಲ್ಲಿ ಬಿಷಪ್ ಆಗಿದ್ದ ಎಲಿಜಿಯಸ್ ಮೂಲತಃ ಅಕ್ಕಸಾಲಿ. ಯುರೋಪಿನ ಅಕ್ಕಸಾಲಿಗರಿಗೆ, ಕಮ್ಮಾರರಿಗೆ ಇವತ್ತಿಗೂ ಅವರೇ ಪಾಲಕ ಸಂತ.

ನನ್ನನ್ನು ಹಿಡಿದು ಕೂರಿಸಿದ್ದು ಕಾಲ್ವಿನ್ ಮನೆಯ ಕಥೆ. ಹುಟ್ಟಿದ್ದು 1509ರಲ್ಲಿ. ಅಪ್ಪ ಜೆರಾರ್ ಕ್ಯಾಥೆಡ್ರಲ್‌ನ ಕಾಗದಪತ್ರ, ಕಾನೂನು ವ್ಯವಹಾರ ನೋಡ್ತಿದ್ದರು. ಮಗನಿಗೆ ಹನ್ನೆರಡು ತುಂಬೋ ಹೊತ್ತಿಗೇ ಓದಿನ ಖರ್ಚಿಗೆ ಅಂತ ಕ್ಯಾಥೆಡ್ರಲ್‌ನ ಒಂದು ಪೂಜಾಪೀಠದ ಆದಾಯ ಕೊಡಿಸಿದರು. (ಎಲ್ಲಾ ಕಾಲದಲ್ಲೂ ವಶೀಲಿ ಇದ್ದದ್ದೇ!) ಮುಂದೆ ಲೆಕ್ಕದ ವಿಷಯಕ್ಕೆ ಅಪ್ಪನಿಗೆ ಅದೇ ಕ್ಯಾಥೆಡ್ರಲ್‌ನ ಪಾದ್ರಿಗಳ ಜತೆ ಜಗಳವಾಯ್ತು. 1531ರಲ್ಲಿ ತೀರಿಕೊಂಡಾಗ ಜೆರಾರ್ ಚರ್ಚಿನಿಂದ ಬಹಿಷ್ಕೃತರು. ಮಗ 1534ರಲ್ಲಿ ಆ ಆದಾಯ ಬಿಟ್ಟುಕೊಟ್ಟರು, ಆಮೇಲೆ ದೇಶವನ್ನೂ ಬಿಟ್ಟರು.

ಈಗಿರೋ ಕಾಲ್ವಿನ್ ಮ್ಯೂಸಿಯಂ ಆ ಹಳೇ ಮನೆಯಲ್ಲ, ಮೊದಲ ಮಹಾಯುದ್ಧದಲ್ಲಿ ಊರಿನ ಬಹುಭಾಗ ನೆಲಸಮವಾದ ಮೇಲೆ ಮತ್ತೆ ಕಟ್ಟಿದ್ದು.

ನನಗೆ ಬೇಕಾಗಿರೋದು ಮ್ಯೂಸಿಯಂನ ಫೋಟೋ, ಕ್ಯಾಥೆಡ್ರಲ್ ಪಕ್ಕದಲ್ಲಿ ಮರದ ಕಂಬಗಳ ಮೇಲೆ ನಿಂತಿರೋ 16ನೇ ಶತಮಾನದ ಗ್ರಂಥಾಲಯದ ಫೋಟೋ. ನೀವೇ ತೆಗೆದದ್ದಾದ್ರೆ ಒಳ್ಳೇದು, ನಿಮ್ಮ ಹೆಸರು ಹಾಕ್ತೀವಿ. ಇನ್ನೊಂದು: 987ರಲ್ಲಿ ಫ್ರಾನ್ಸಿನ ರಾಜ ಹ್ಯೂ ಕಾಪೆಯ ಪಟ್ಟಾಭಿಷೇಕ ನ್ವಯೋನ್‌ನಲ್ಲಾಯ್ತು ಅಂತ ಕೆಲವರು, ರಾಂಸ್ ನಗರದಲ್ಲಿ ಅಂತ ಕೆಲವರು ಬರೀತಾರೆ. ಫ್ರೆಂಚ್ ಇತಿಹಾಸ ಓದಿಕೊಂಡವರು ದಯವಿಟ್ಟು ಯಾವುದನ್ನು ನಂಬಬಹುದು, ಯಾಕೆ ಅಂತ ಹೇಳಿ. ಸಂಚಿಕೆ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತೆ.