ಸಹಾಯ ಬೇಕು: 3215031751 ಅವಿಭಾಜ್ಯ ಅಂತ ಮಿಲ್ಲರ್–ರಾಬಿನ್ ಪರೀಕ್ಷೆ ಹೇಳ್ತಿದೆ

ಈ ಪರೀಕ್ಷೆ ‘ಆಧಾರ’ ಅನ್ನೋ ಕೆಲವು ಸಂಖ್ಯೆಗಳ ಘಾತವನ್ನು n ನಿಂದ (ಪರೀಕ್ಷಿಸುವ ಸಂಖ್ಯೆಯಿಂದ) ಭಾಗಿಸಿ, ಬಂದ ಶೇಷ ನೋಡಿ n ಅವಿಭಾಜ್ಯವೇ ಅಂತ ಹೇಳುತ್ತೆ. ಆಧಾರ 2, 3, 5, 7 ನಾಲ್ಕರಲ್ಲೂ ಈ ಸಂಖ್ಯೆ ಪಾಸ್ ಆಗ್ತಿದೆ. ನಿಜದಲ್ಲಿ ಅದು 151 × 751 × 28351. ಕೋಡ್ ಸರಿ ಇದೆ, ಬೇರೆಯಾಗಿ ಲೆಕ್ಕ ಹಾಕಿಯೂ ನೋಡಾಯ್ತು: n−1 = 2 × 1607515875. ಆ ಬೆಸ ಘಾತಕ್ಕೆ ಏರಿಸಿದರೆ 2 ಮತ್ತು 5ಕ್ಕೆ ಶೇಷ 1, 3 ಮತ್ತು 7ಕ್ಕೆ −1 (ಅಂದರೆ n−1). ಎರಡೂ ಉತ್ತರ ಪರೀಕ್ಷೆಗೆ ಒಪ್ಪಿಗೆ, ಅಲ್ಲೇ ಮೋಸ.

6, 10, 14 ಸೇರಿಸಿದರೂ ಪ್ರಯೋಜನ ಇಲ್ಲ. ಶೇಷಗಳನ್ನು ಗುಣಿಸಿದರೆ ಮತ್ತೆ 1 ಅಥವಾ −1 ತಾನೇ ಬರೋದು! 11 ಕೊಟ್ಟ ತಕ್ಷಣ ಸಿಕ್ಕಿಬಿತ್ತು.

2ರ 64ನೇ ಘಾತದವರೆಗೆ 2ರಿಂದ 37ರ ತನಕದ 12 ಅವಿಭಾಜ್ಯಗಳು ಸಾಕು, ಅದು ಸಾಬೀತಾಗಿದೆ. ಆದರೆ ಕೋಟಿಗಟ್ಟಲೆ ಸಂಖ್ಯೆ ಪರೀಕ್ಷಿಸುವಾಗ ತುಂಬಾ ನಿಧಾನ.

ಇದೇ ವ್ಯಾಪ್ತಿಗೆ 12ಕ್ಕಿಂತ ಕಡಿಮೆ ಸಂಖ್ಯೆಯ ಆಧಾರಗಳಿರುವ ಸಾಬೀತಾದ ಪಟ್ಟಿ ಯಾವುದು? ಅದರಲ್ಲಿ ಆಧಾರವೇ n ಗಿಂತ ದೊಡ್ಡದಿದ್ದು, ಅದನ್ನು n ನಿಂದ ಭಾಗಿಸಿದಾಗ ಶೇಷ 0 ಬಂದರೆ ಆ ಸುತ್ತನ್ನು ಪಾಸ್ ಅನ್ನಬೇಕಾ, ಫೇಲ್ ಅನ್ನಬೇಕಾ?