ಅಪ್‌ಡೇಟ್: ಭಂಗಿ ಕುಡಿದ ಆ ರಾತ್ರಿ

ಶಿವರಾತ್ರಿಯ ದಿನ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಭಂಗಿ ಕುಡಿದು ಯೋಚನೆಗಳು ನಿಲ್ಲುತ್ತಿಲ್ಲ, ಹುಚ್ಚು ಹಿಡಿಯುತ್ತಾ ಅಂತ? ಈಗ ಆರಾಮಾಗಿದ್ದೇನೆ.

ಅರ್ಧ ಗಂಟೆ ಏನೂ ಆಗಲಿಲ್ಲ ಅಂತ ಇನ್ನೊಂದು ಲೋಟ ಕುಡಿದಿದ್ದೆ. ಅದೇ ತಪ್ಪು. ಹೊಟ್ಟೆಗೆ ಹೋದದ್ದು ಏರಲು 2 ಗಂಟೆಯೂ ಬೇಕಾಗಬಹುದು.

ಚಿತ್ರದುರ್ಗದ ನಮ್ಮ ಮಾಳಿಗೆ ಮೇಲೆ ಮಲಗಿದ್ದೆ. ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪ ಮಿನುಗಿದಾಗಲೆಲ್ಲ ಹೊಸ ಯೋಚನೆ. ತೀರಿಹೋದ ಅಜ್ಜಿಯ ಬಳೆ ಸದ್ದು. ಬೀಗ ಹಾಕಿದೆನಾ? ಉಸಿರಾಡುವುದೇ ಮರೆತರೆ? ಏಳು ಸುತ್ತಿನ ಕೋಟೆಯೊಳಗೆ ದಾರಿ ತಪ್ಪಿದ ಹಾಗೆ.

ನೀವು ಹೇಳಿದಂತೆ ಅಕ್ಕನನ್ನು ಎಬ್ಬಿಸಿದೆ. ಅವಳು ಬೈಯಲಿಲ್ಲ. ಬೆಳಗಿನವರೆಗೂ ಕೈ ಹಿಡಿದು ಸುಮ್ನೆ ಕೂತಿದ್ದಳು. ಭಯ ಎರಡು ದಿನ ಉಳಿಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ನಿನ್ನೆ ಚೆನ್ನಾಗಿ ನಿದ್ದೆ ಬಂತು.